ದೀಪಸ್ತಂಭದ ಮನೆಯ ನೀರು

2003ನೇ ಇಸವಿ ಮೇ 18, ಭಾನುವಾರ. ಗಂಡಿನ ಮನೆ ನೋಡಲು ಶಿಡ್ಲಘಟ್ಟದಿಂದ ಬಂದವರು ಮೂವರು: ನಾನು, ತೀರಿಕೊಂಡ ನನ್ನ ತಮ್ಮನ ಹೆಂಡತಿ ಲಕ್ಷ್ಮಿದೇವಮ್ಮ, ಅವಳ ತಮ್ಮ ಕೆಂಪರಾಜು. ಶುಭಕಾರ್ಯಕ್ಕೆ ಮೂವರು ಹೋಗಬಾರದೆಂದು ಕೆಂಪರಾಜು ನಾಲ್ಕನೆಯದಾಗಿ ಜೇಬಿಗೊಂದು ಕಲ್ಲು ಹಾಕಿಕೊಂಡಿದ್ದ.

ಹುಡುಗ ಅಂಬರೀಶ್ ಪೆರೇಸಂದ್ರದವನು. ಅಲ್ಲಿನ ಮನೆಯನ್ನು ಅವನ ಕಡೆಯ ಹಿರಿಯರು ಆಗಲೇ ತೋರಿಸಿದ್ದರು. ಲಕ್ಷ್ಮಿದೇವಮ್ಮ ಒಪ್ಪಿರಲಿಲ್ಲ.

“ನನ್ನ ಮಗಳು ಕಲ್ಯಾಣಿ ಬಾಳೋ ಮನೆ ತೋರಿಸಿ.”

ಆ ಮನೆ ಪಡುವಣ ಕಡಲಿನ ದ್ವೀಪವೊಂದರಲ್ಲಿ, ಬಂದರಿನ ಬಾಯಿಗೆ ನಿಂತ ಬ್ರಿಟಿಷರ ಕಾಲದ ದೀಪಸ್ತಂಭದ ಬುಡದಲ್ಲಿತ್ತು. ಅಂಬರೀಶ್ ಅದರ ದೀಪ ನೋಡಿಕೊಳ್ಳುವ ನೌಕರ.

ಮನೆ ಒಪ್ಪುವ ತನಕ ಗಂಡಿನ ಕಡೆಯ ನೀರು ಮುಟ್ಟುವುದು ನಮ್ಮಲ್ಲಿಲ್ಲ, ಮುಟ್ಟಿದರೆ ಒಪ್ಪಿದಂತೆಯೇ. ಬೇಗ ನೋಡಿ ಮರಳುವುದೆಂದು ಬಂದಿದ್ದೆವು. ಗಾಳಿ ಎದ್ದಿತು, ಬೆಳಗಿನವರೆಗೆ ದೋಣಿಯಿಲ್ಲ ಎಂದರು ದೋಣಿಯವರು. ನಮ್ಮ ಬಾಟಲಿ ಮಧ್ಯಾಹ್ನವೇ ಬರಿದಾಗಿತ್ತು.

“ಒಪ್ಪಿಗೆ ಅಂದ್ಬಿಡಕ್ಕಾ, ಗಂಟಲು ಒಣಗೋಯ್ತು.”

“ನಿನ್ನ ಗಂಟಲಿಗೋಸ್ಕರ ಮಗಳ್ನ ಕೊಡಕ್ಕಾಯ್ತದೇನೋ?”

ಸಂಜೆ ಅಂಬರೀಶ್ ನಮ್ಮನ್ನು ದೀಪಸ್ತಂಭದ ಮೇಲಕ್ಕೆ ಕರೆದೊಯ್ದ. ಹಗಲು ಬಿಸಿಲು ತಾಗದಂತೆ ಗಾಜಿಗೆ ಕಟ್ಟಿದ್ದ ಪರದೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

“ಇಂಥಾ ರಾತ್ರಿ ನನ್ನ ಮಗಳಿಗೆ ಹುಷಾರು ತಪ್ಪಿದ್ರೆ?” ಎಂದಳು ಲಕ್ಷ್ಮಿದೇವಮ್ಮ.

“ಗಾಳಿ ಇಲ್ದಿದ್ರೆ ದೋಣಿ ಬರ್ತದಮ್ಮ.”

“ಇದ್ರೆ?”

“ಬರಲ್ಲ.”

“ಒಂದು ಸುಳ್ಳು ಹೇಳಕ್ಕೂ ಬರಲ್ವೇನಪ್ಪ ನಿಂಗೆ?” ಕೆಂಪರಾಜು ರೇಗಿದ.

“ಮದ್ವೆ ಆದ್ಮೇಲೆ ಗೊತ್ತಾಗೋಗ್ತದಲ್ಲ ಮಾವ.”

ದೀಪ ಹೊತ್ತಿ ಬೆಳಕು ಕಡಲ ಮೇಲೆ ತಿರುಗಿತು. ಬಂಡೆಗಳಾಚೆ ಹೊಯ್ದಾಡುತ್ತಿದ್ದ ಮೀನುಗಾರರ ದೋಣಿಯೊಂದು ಮೂತಿ ತಿರುಗಿಸಿ ಬಂದರಿನೊಳಕ್ಕೆ ನುಸುಳಿತು. ಲಕ್ಷ್ಮಿದೇವಮ್ಮ ಅದನ್ನೇ ನೋಡುತ್ತ ನಿಂತಳು. ಊರವರನ್ನೆಲ್ಲ ದಡ ಸೇರಿಸುವ ಈ ಮನೆಯವರಿಗೇ ಕಷ್ಟ ಬಂದರೆ ಯಾರೂ ಬರಲಾರರು. ಎರಡೂ ನಿಜ, ಒಂದರಲ್ಲಿ ಇನ್ನೊಂದನ್ನು ಕಳೆಯಲಾಗದು.

ಕೆಳಗಿಳಿದು ಅವಳು ಕೈ ನೀಡಿದಳು. ಅಂಬರೀಶ್ ಕೊಟ್ಟ ಲೋಟದ ನೀರನ್ನು ಕುಡಿದಳು.

“ಇದು ಒಪ್ಪಿಗೆ ಅಲ್ಲ ಕಣಪ್ಪ, ಸಾಲ. ಕಲ್ಯಾಣೀನೇ ಬಂದು ನೋಡ್ಲಿ. ಅವಳು ಹೂಂ ಅಂದ್ರೆ ಸಾಲ ತೀರ್ತು. ಇಲ್ಲಾಂದ್ರೆ ನೀನು ನಮ್ಮನೇಗೆ ಬಂದು ಒಂದು ಲೋಟ ನೀರು ಕುಡ್ಕೊಂಡು ಹೋಗು.”

ಮದುವೆಗೆ ಮುಂಚೆ ಹುಡುಗಿಯೇ ಗಂಡಿನ ಮನೆ ನೋಡಲು ಹೋದದ್ದು ನಮ್ಮ ವಂಶದಲ್ಲಿ ಇಲ್ಲ. ಕೂಡದೆನ್ನಬೇಕಾದ ಹಿರಿಯ ನಾನು. ಲಕ್ಷ್ಮಿದೇವಮ್ಮನೂ ಹುಡುಗನೂ ನನ್ನ ಮುಖ ನೋಡಿದರು.

“ನನಗೂ ಒಂದು ಲೋಟ ಕೊಡಪ್ಪ,” ಎಂದೆ.

ಸಾಲ ಎರಡಾಯಿತು.