ಉತ್ತರ ಕೊಡದ ಸರ್ವರ್

ಇಲೊಯಿಲೊ ನಗರದ ಆಸ್ಪತ್ರೆಯೊಂದಕ್ಕೆ ನದಿಯ ಎರಡೂ ದಡದಲ್ಲಿ ಒಂದೊಂದು ಕಟ್ಟಡ. ಎರಡೂ ಕಡೆಯ ಫ್ರಿಜ್ಜಿನ ರಕ್ತದ ಚೀಲಗಳು ಎರಡೂ ಕಡೆಯ ರೋಗಿಗಳಿಗೆ; ಬೇಕಾದಾಗ ಸೇತುವೆ ದಾಟಿಸಿ ತರಿಸುತ್ತಿದ್ದರು. ಯಾವ ಚೀಲ ರಕ್ತ ಯಾವ ರೋಗಿಗೆ ಎಂಬ ಪಟ್ಟಿ ಇಡುವ ಸರ್ವರ್‌ಗಳೂ ಎರಡು. ಹಳೆ ಕಟ್ಟಡದ್ದೇ ಯಜಮಾನ, ಎರಡೂ ಕಡೆ ಅದರ ಪಟ್ಟಿಯೇ ನಡೆಯುತ್ತಿತ್ತು. ಅದು ಸತ್ತರೆ ಹೊಸ ಕಟ್ಟಡದ್ದು ಅದರ ಜಾಗದಲ್ಲಿ ನಿಲ್ಲಬೇಕು. ಎರಡನ್ನೂ ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ನೆನಿತಾ ಪಲ್ಮಾರೆಸ್.

ಹೋದ ಜೂನ್‌ನಲ್ಲಿ ರಸ್ತೆ ಅಗೆಯುವವರು ನಡುವಿನ ಕೇಬಲ್ ಕತ್ತರಿಸಿದ್ದರು. ಹಳೆಯ ಸರ್ವರ್ ಬದುಕಿಯೇ ಇತ್ತು. ಅದರಿಂದ ಉತ್ತರ ಬರಲಿಲ್ಲವೆಂದು ಹೊಸದೂ ಯಜಮಾನನಾಗಿ ಎದ್ದಿತು. ಒಂದೇ ಚೀಲವನ್ನು ಎರಡೂ ಬೇರೆಬೇರೆ ರೋಗಿಗಳ ಹೆಸರಿಗೆ ಬರೆದವು. ಚೀಲ ಒಬ್ಬರಿಗೆ ಸಿಕ್ಕಿತು. ಇನ್ನೊಂದು ದಡದಲ್ಲಿ ಆಪರೇಷನ್ನಿಗೆ ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದ, ಜೀಪ್ನಿ ಎಂಬ ಬಾಡಿಗೆ ಬಂಡಿಯ ಚಾಲಕ ಇಸಿದ್ರೊ ಉಳಿಯಲಿಲ್ಲ.

ತನಿಖೆಯ ವರದಿ ಕೇಬಲ್ಲನ್ನು ದೂರಿತು. ಉತ್ತರ ಬಾರದಿದ್ದರೆ ಸತ್ತಂತೆಯೇ ಎಂದು ಆ ಯಂತ್ರಕ್ಕೆ ಕಲಿಸಿದವಳು ತಾನು ಎಂಬುದು ನೆನಿತಾಳಿಗೆ ಗೊತ್ತಿತ್ತು. ಅಂದಿನಿಂದ ಹೊಸ ಸರ್ವರ್ ತಾನಾಗಿ ಏಳದಂತೆ ಮಾಡಿದ್ದಳು. ಹಳೆಯದು ನಿಂತದ್ದನ್ನು ಕಣ್ಣಾರೆ ಕಂಡ ಮೇಲಷ್ಟೇ ಯಾರಾದರೂ ಅದನ್ನು ಎಬ್ಬಿಸಬೇಕು.

ನವೆಂಬರ್‌ನಲ್ಲಿ ಚಂಡಮಾರುತ ಹಾದುಹೋದ ಬೆಳಿಗ್ಗೆ ಸಂಪರ್ಕ ಮತ್ತೆ ಕಡಿಯಿತು. ಫೋನ್ ಟವರ್‌ಗಳೂ ಉರುಳಿದ್ದವು. ಹೊಸ ಕಟ್ಟಡದ ಕಂಪ್ಯೂಟರ್ ಪರದೆಗಳೆಲ್ಲ ನಿಂತುಹೋದವು.

ಹೆರಿಗೆ ವಾರ್ಡಿನ ಡಾಕ್ಟರ್ ಎಚಾನೊವಾ ಅಲ್ಲೇ ಇದ್ದ ನೆನಿತಾಳ ಬಳಿಗೆ ಓಡಿ ಬಂದರು. "ನೆನಿತಾ, ಬಾಣಂತಿಗೆ ರಕ್ತ ನಿಲ್ತಾ ಇಲ್ಲ. ನಿನ್ನ ಸರ್ವರ್ ಎಬ್ಬಿಸಮ್ಮ!"

"ಆಗಲ್ಲ ಡಾಕ್ಟ್ರೇ. ಆ ಕಡೇದು ಸತ್ತಿದೆಯೋ ಇಲ್ವೋ ನಂಗೊತ್ತಿಲ್ಲ."

"ಉತ್ತರಾನೇ ಕೊಡ್ತಿಲ್ಲ ಅಂದ್ಮೇಲೆ ಇನ್ನೇನು?"

"ಹೋದ ಸಲ ನಾನೂ ಹಾಗೇ ಅಂದ್ಕೊಂಡಿದ್ದೆ."

"ನಿನ್ನ ಹಟಕ್ಕೆ ನನ್ನ ರೋಗಿ ಸಾಯ್ಬೇಕಾ?"

ನೆನಿತಾ ರಕ್ತದ ಫ್ರಿಜ್ ನೋಡಿಕೊಳ್ಳುವ ನರ್ಸ್ ಜೊವೆಲಿನ್ ಕಡೆ ತಿರುಗಿ, "ಫ್ರಿಜ್‌ನಿಂದ ಎರಡು ಚೀಲ ಕೊಡು, ನಂಬರ್ ಕಾಗದದಲ್ಲಿ ಬರಿ. ನಾನು ವಾಪಸ್ ಬರೋ ತನಕ ಮೂರನೇದು ಮುಟ್ಬೇಡ. ಆ ಕಡೆಗೆ ನಾನೇ ಹೋಗಿ ಹೇಳ್ತೀನಿ" ಎಂದಳು.

"ಸೇತುವೆ ಮೇಲೆ ನೀರು ಹರೀತಿದೆ ಅಕ್ಕಾ! ನಿಂಗೆ ಈಜೂ ಬರಲ್ಲ!"

"ನಡೆಯೋಕೆ ಬರುತ್ತಲ್ಲ."

ಆ ಎರಡು ನಂಬರಿನ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಲ್ಲಿನಲ್ಲಿ ಕಚ್ಚಿಕೊಂಡು, ಕಂಬಿ ಹಿಡಿದು ಮೊಣಕಾಲು ಮಟ್ಟದ ಕೆಂಪು ನೀರಿನಲ್ಲಿ ದಾಟಿದಳು. ಒಂದೆಡೆ ಕಾಲು ಜಾರಿ ಮೊಣಕೈ ತರಚಿಹೋಯಿತು.

ಹಳೆ ಕಟ್ಟಡದಲ್ಲಿ ಸರ್ವರ್‌ನ ಹಸಿರು ದೀಪಗಳು ಏನೂ ಆಗಿಲ್ಲವೆಂಬಂತೆ ಮಿನುಗುತ್ತಿದ್ದವು. ರಕ್ತದ ಕೌಂಟರಿನ ಫಿಡೆಲ್‌ಗೆ ಚೀಟಿ ತೋರಿಸಿದಳು. ಅವನು ಪರದೆಯ ಪಟ್ಟಿಯ ಮೇಲೆ ಬೆರಳಾಡಿಸಿ ತಟ್ಟನೆ ನಿಂತ.

"ಎರಡನೇ ನಂಬರು... ಈಗ್ತಾನೆ ಒಂದು ಮಗೂನ ಆಪರೇಷನ್‌ಗೆ ಬರೆದೆ. ಒಳಗೆ ಕರ್ಕೊಂಡು ಹೋದ್ರು."

"ಓಡು! ಕೊಯ್ಯೋಕೆ ಮುಂಚೆ ನಿಲ್ಸು!"

ಸರ್ಜನ್ ಕೈಗವಸು ತೊಡುತ್ತಿದ್ದರು. ಮಗು ಎರಡು ಗಂಟೆ ಕಾಯಬೇಕಾಯಿತು. ಪಕ್ಕದ ಊರಿನಿಂದ ಇನ್ನೊಂದು ಚೀಲ ಬಂದ ಮೇಲೆ ಆಪರೇಷನ್ ಆಯಿತು. ಅದು ಬದುಕಿತು. ಬಾಣಂತಿಯೂ ಬದುಕಿದಳು, ಅವಳ ಕೂಸು ಮಾತ್ರ ಹೆರಿಗೆಗೆ ಮುಂಚೆಯೇ ಹೊಟ್ಟೆಯಲ್ಲಿ ತೀರಿಕೊಂಡಿತ್ತು.

ಸಂಜೆ ನೆನಿತಾ ವಾಪಸಾದ ಮೇಲೆ ಎಚಾನೊವಾ ಬಂದು ಅವಳ ಪಕ್ಕದ ಸ್ಟೂಲಿನ ಮೇಲೆ ಕುಳಿತರು. "ನಾನು ಹೇಳ್ದಂಗೆ ಎಬ್ಬಿಸಿದ್ರೆ?"

"ಇದೂ ಪಟ್ಟಿ ತೋರಿಸ್ತಿತ್ತು, ಅದೂ ತೋರಿಸ್ತಿತ್ತು. ಎರಡನ್ನೂ ನಂಬಿ ಎಲ್ಲರೂ ಸುಮ್ನಿರ್ತಿದ್ವಿ. ಆ ಕಡೆ ಇಲ್ಲದ ಚೀಲ ನಂಬಿ ಮಗೂನ ಕೊಯ್ದಾಗಿರ್ತಿತ್ತು."

ಡಾಕ್ಟರು ಅವಳ ತರಚಿದ ಮೊಣಕೈ ನೋಡಿದರು. "ಪ್ರತಿ ಸಲ ನೀನೇ ದಾಟೋಕಾಗುತ್ತಾ?"

"ಆಗಲ್ಲ. ಬೇರೆ ಜಾಗದಲ್ಲಿ ಮೂರನೇ ಸರ್ವರ್ ಒಂದು ಇಡ್ಬೇಕು. ಸಂಪರ್ಕ ಕಡಿದಾಗ ಅದು ಯಾವುದರ ಜೊತೆ ಸೇರುತ್ತೋ ಅದೊಂದೇ ಯಜಮಾನ. ಒಂಟಿಯಾದದ್ದು ತಾನಾಗೇ ನಿಂತ್ಕೊಳ್ಳುತ್ತೆ."

ಡಾಕ್ಟರೇ ಓಡಾಡಿ ನರ್ಸಿಂಗ್ ಶಾಲೆಯಲ್ಲಿ ಅದಕ್ಕೊಂದು ಕೋಣೆ ಕೊಡಿಸಿದರು. ಜನವರಿಯಲ್ಲಿ ಎಲ್ಲರೆದುರು ನೆನಿತಾ ಕೇಬಲ್ ಕಿತ್ತು ತೋರಿಸಿದಳು. ಒಂಟಿಯಾದ ಸರ್ವರ್ ಸುಮ್ಮನಾಯಿತು, ಇನ್ನೊಂದು ನಡೆಯಿತು. ಚಪ್ಪಾಳೆ ಬಿತ್ತು. ಅವಳು ಕೇಬಲ್ ಮತ್ತೆ ಜೋಡಿಸಿ, ಎರಡೂ ಪಟ್ಟಿಗಳನ್ನು ಸಾಲುಸಾಲಾಗಿ ಓದಿ ತಾಳೆ ನೋಡಿ ಮುಗಿಸಿದ ಮೇಲೇ ಊಟಕ್ಕೆ ಎದ್ದಳು.