ಮಾವನಿಗೆ ಬರೆದ ಮೀಸೆ

ಮಾಘ ಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ. ಡೈರಿಗೆ ಹಾಲು ಹೋಗೋ ಹೊತ್ತಿಗಾಗಲೇ ಅಂಜಿನಮ್ಮ ಮೂರ್ನಾಲ್ಕು ಸಲ ಬಾಗಿಲಿಗೆ ಬಂದು ಅಣ್ಣ ಬರಬೇಕಾದ ಕುಂದಾಣದ ರಸ್ತೆ ನೋಡಿ ಒಳಗೆ ಹೋಗಿದ್ದಳು. ಮಗಳು ನವ್ಯಶ್ರೀಯ ಮದುವೆ ಚಪ್ಪರಕ್ಕೆ ಅಂಗಳದಲ್ಲಿ ಗುಂಡಿ ತೋಡಿಯಾಗಿತ್ತು. ಅತ್ತಿ ಕೊಂಬೆ ತಂದು ಹಾಲುಗಂಬ ನೆಡಬೇಕಾದವನು ಹುಡುಗಿಯ ಸೋದರಮಾವ, ಅಂದರೆ ಅಂಜಿನಮ್ಮನ ಅಣ್ಣ ಮುನಿವೆಂಕಟಪ್ಪ. ಬೇರೆ ಯಾರಾದರೂ ನೆಟ್ಟರೆ ಗಂಡಿನ ಕಡೆಯವರ ಕಣ್ಣಲ್ಲಿ ತನಗೆ ತವರೇ ಇಲ್ಲದ ಹಾಗೆ.

ಅವನು ಬಂದಾನು ಅನ್ನೋ ಧೈರ್ಯ ಅವಳಿಗಿರಲಿಲ್ಲ. ಅಣ್ಣ ಪಂಚಾಯ್ತಿ ಅಧ್ಯಕ್ಷ. ಕೆರೆ ಒತ್ತುವರಿ ಬಿಡಿಸುವಾಗ ತಂಗಿ ಮನೇದು ಅಂತಲೂ ನೋಡದೆ ಅವಳ ಮಗ ಬೈರೇಶನ ದ್ರಾಕ್ಷಿ ಸಾಲಿಗೆ ಜೆಸಿಬಿ ಬಿಡಿಸಿದ್ದ. ಹಣ್ಣು ಬಣ್ಣ ತಿರುಗುತ್ತಿತ್ತು. "ಕುಯ್ಯೋಗಂಟ ಬಿಡು ಮಾವ" ಅಂತ ಬೈರೇಶ ಬೇಡಿಕೊಂಡರೂ ಕೇಳಲಿಲ್ಲ. ಆ ಸೇಡಿಗೆ ಬೈರೇಶ ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟಿಸಿದ. ಮಾವನ ಫೋಟೋ, ಮೂಗಿನ ಕೆಳಗೆ ಚೋಟುದ್ದ ಕರಿಮೀಸೆ, ಅದರಡಿ ‘ಹಿಟ್ಲರ್ ಅಧ್ಯಕ್ಷನಿಂದ ರೈತರ ನರಮೇಧ’. ಊರೆಲ್ಲ ನಕ್ಕಿತು. ಹಿಟ್ಲರ್ ಅಂದರೆ ಯಾರೋ ಅಂತ ಅಂಜಿನಮ್ಮ ಕೇಳಿದ್ದಕ್ಕೆ, "ಜರ್ಮನಿಯೋನು, ಭಾಳ ಸ್ಟ್ರಿಕ್ಟು" ಅಂದಿದ್ದ ಮಗ.

ಗಾಡಿ ಸದ್ದಾಯಿತು. ಟಿವಿಎಸ್ ಹಿಂದೆ ಅಡ್ಡಲಾಗಿ ಕೊಂಬೆ ಕಟ್ಟಿಕೊಂಡು ಮುನಿವೆಂಕಟಪ್ಪ ಇಳಿದ. ಅಂಜಿನಮ್ಮ ಕಾಲಿಗೆ ನೀರು ತಂದಳು.

"ಬಾ ಮಾವ," ಅಂದ ಬೈರೇಶ, ಮುಖ ನೋಡದೆ.

"ಹಿಟ್ಲರ್ ಬಂದವ್ನೆ, ಬಾಗಿಲು ಹಾಕ್ಕೊಳಲ್ವೇನೋ?"

"ಅದು ಸುಮ್ನೆ ಮಾತು ಮಾವ. ಟೀವೀಲಿ ದಿನಾ ಅಂತಾರೆ. ಈ ಪಾರ್ಟಿಯೋರು ಅವ್ರಿಗೆ, ಅವ್ರು ಇವ್ರಿಗೆ."

"ನಾನೂ ಹಂಗೇ ಅನ್ಕೊಂಡು ನಕ್ಕಿದ್ದೆ. ಆಮೇಲೆ ಯಾರವ್ವ ಅವ್ನು ಅಂತ ಮೊಮ್ಮಗಳು ಚೈತ್ರನ್ನ ಕೇಳ್ದೆ. ಫೋನಲ್ಲಿ ತೋರ್ಸಿದ್ಲು. ಮಕ್ಕಳ ಮೆಟ್ಟು ಕಣೋ, ಪುಟ್ಟ ಪುಟ್ಟ ಚಪ್ಪಲಿ, ಬೂಟು. ಕಣದಲ್ಲಿ ರಾಗಿ ಒಟ್ಟಿದಂಗೆ ಗುಡ್ಡೆ. ಅವ್ನಿಗಾಗದ ಒಂದು ಕುಲದಲ್ಲಿ ಒಬ್ರೂ ಉಳೀಬಾರ್ದು ಅಂತ ಕೂಸುಗಳ್ನೂ ಬಿಡದೆ ಕೊಂದವ್ರೆ."

ಬೈರೇಶ ಗುಂಡಿಯ ಮಣ್ಣು ಕೆದಕುತ್ತ ನಿಂತ.

"ಹಣ್ಣು ಕುಯ್ಯೋಗಂಟ ತಡೀಲಿಲ್ಲ, ಕಲ್ಲು ಮನಸಿನೋನು ಅಂತ ಬರ್ಸು. ತಪ್ಪು ನಂದೇ. ಆ ಫ್ಲೆಕ್ಸ್ ಕೆಳಗೇ ತಲೆ ಬಗ್ಗಿಸ್ಕೊಂಡು ಓಡಾಡ್ತೀನಿ. ಆ ಮಕ್ಕಳ್ನ ಯಾಕೋ ನಮ್ಮ ದ್ರಾಕ್ಷಿ ಜಗಳಕ್ಕೆ ಕರ್ಕೊಂಬಂದೆ?"

"ನನ್ನ ಬಳ್ಳಿ ಹೋಯ್ತಲ್ಲ ಮಾವ," ಅಂದ ಬೈರೇಶ. "ಕಲ್ಲು ಮನಸಿನೋನು ಅಂತ ಬರ್ಸಿದ್ರೆ ಯಾರು ತಿರುಗಿ ನೋಡ್ತಿದ್ರು?"

ಮಾತಿಗೆ ಮಾತು ಬೆಳೆದೀತು ಅಂತ ಅಂಜಿನಮ್ಮ ಹಾಲುತುಪ್ಪದ ಬಟ್ಟಲು ಹಿಡಿದು ಇಬ್ಬರ ನಡುವೆ ಬಂದು ನಿಂತಳು.

"ಹಿಡ್ಕೋ," ಅಂದ ಮುನಿವೆಂಕಟಪ್ಪ.

ಬೈರೇಶ ಕೊಂಬೆ ಹಿಡಿದ. ಅಂಜಿನಮ್ಮ ಬುಡಕ್ಕೆ ಹಾಲುತುಪ್ಪ ಬಿಟ್ಟಳು. ಮುನಿವೆಂಕಟಪ್ಪ ಮಣ್ಣು ತುಂಬಿ, ಸುತ್ತಲೂ ಹಿಮ್ಮಡಿಯಲ್ಲಿ ತುಳಿದು ಗಟ್ಟಿ ಮಾಡಿದ.

"ಎಲೆ ಹಾಕ್ತೀನಿ ಅಣ್ಣ, ಪಾಯಸ ಆಗೈತೆ."

"ಬ್ಯಾಡ ಕಣವ್ವ. ನೆಡೋದು ನನ್ನ ಕೆಲ್ಸ, ನೆಟ್ಟೆ."

ಕಂಬ ಅಲುಗದೆ ನಿಂತಿತ್ತು. ಬೈರೇಶ ಮಾತ್ರ ಅದನ್ನು ಹಿಡಿದ ಕೈ ಬಿಟ್ಟಿರಲಿಲ್ಲ. ಮುನಿವೆಂಕಟಪ್ಪ ತಂಗಿ ಮನೆಯಿಂದ ಉಣ್ಣದೆ ಹೊರಟ.