ಬನ್ನಣ್ಣನ ಅಂಚಿನ ಡಬ್ಬಿ

ನಮ್ಮ ಬೀದಿಯಲ್ಲಿ ತೂಕ ಇಳಿಸಲು ಹೊರಟವರಿಗೆ ಬರವಿಲ್ಲ. ಅವರ ಬಾಯಲ್ಲಿ ಬರುವುದು ಎರಡೇ ಮಾತು. ಒಂದು, "ನಾಳೆಯಿಂದ ಸಿಹಿ ಮುಟ್ಟೋದೇ ಇಲ್ಲ." ಇನ್ನೊಂದು, "ಒಂದು ಚೂರು ತಿಂದ್ರೆ ಏನಾಗ್ಬಿಡುತ್ತೆ?" ಮೊದಲನೆಯದನ್ನು ಹೇಳಿದವರೇ ಸ್ವಲ್ಪ ದಿನಕ್ಕೆ ಎರಡನೆಯದನ್ನೂ ಹೇಳುತ್ತಾರೆ. ನನಗೆ ಹೇಗೆ ಗೊತ್ತು ಅಂದರೆ, ನಾನು ಟೈಲರು. ಬಟ್ಟೆ ಸಡಿಲ ಮಾಡಿಸಲಿಕ್ಕೂ ಬಿಗಿ ಮಾಡಿಸಲಿಕ್ಕೂ ಎಲ್ಲರೂ ನನ್ನ ಹತ್ತಿರವೇ ಬರಬೇಕು. ಯಾರು ಏನು ಬೇಕಾದರೂ ಹೇಳಿಕೊಳ್ಳಲಿ, ನನ್ನ ಟೇಪು ಯಾರ ಮುಲಾಜೂ ನೋಡುವುದಿಲ್ಲ.

ನನ್ನ ಅಂಗಡಿಯ ಎದುರಿಗೇ ಒಂದು ಬೇಕರಿ ಇದೆ. ಅದರ ಯಜಮಾನನನ್ನು ಬೀದಿಯವರೆಲ್ಲ ಬನ್ನಣ್ಣ ಎನ್ನುತ್ತಾರೆ. ಆ ಲೆಕ್ಕದಲ್ಲಿ ಗಲ್ಲಾದಲ್ಲಿ ಕೂರುವ ಅವನ ಹೆಂಡತಿಯನ್ನು ಬನ್ನಕ್ಕ ಎನ್ನಬೇಕಿತ್ತು. ಅವಳ ಮುಖ ನೋಡಿದರೆ ಯಾರಿಗೂ ಆ ಧೈರ್ಯ ಬರುವುದಿಲ್ಲ, ಹಾಗಾಗಿ ಎಲ್ಲರಿಗೂ ಅವಳು ಅತ್ತಿಗೆ. ಬನ್ನಣ್ಣ ಒಳ್ಳೆಯ ಆಸಾಮಿ, ಒಳ್ಳೆಯ ಕೈ. ಅವನ ಪ್ಯಾಂಟಿನ ಸೊಂಟ ಮಾತ್ರ ವರ್ಷವರ್ಷಕ್ಕೂ ಬಿಚ್ಚಿಸಿಕೊಳ್ಳುತ್ತಾ ಬಂದು, ಕೊನೆಗೆ ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ.

ಅದರಿಂದ ಅವನಿಗೇನೂ ಬೇಜಾರಿರಲಿಲ್ಲ, ತಂಗಿಗೆ ಕಾಯಿಲೆ ಬರುವವರೆಗೆ. ತಂಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವಳನ್ನು ಬೆಳೆಸಿದವನು ಬನ್ನಣ್ಣನೇ. ಅವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದವು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ, ರಕ್ತ ತೊಳೆಯುವ ಮೆಷಿನ್ನಿನ ಪಕ್ಕ ಅರ್ಧ ದಿನ ಮಲಗಬೇಕು. ಮನೆಗೆ ಬಂದಾಗ ಚಪ್ಪಲಿ ಬಿಡಲಿಕ್ಕೂ ಶಕ್ತಿ ಇರುತ್ತಿರಲಿಲ್ಲ. ಅಣ್ಣನ ಕಿಡ್ನಿ ಅವಳಿಗೆ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾದಾಗ ಮನೆಯವರೆಲ್ಲ ಕಣ್ಣೊರೆಸಿಕೊಂಡರು. ಆದರೆ ಡಾಕ್ಟರು ಒಂದು ಮಾತು ಸೇರಿಸಿದರು. ಈ ತೂಕದಲ್ಲಿ ಆಪರೇಷನ್ ಮಾಡಿದರೆ ಕೊಡುವವನಿಗೇ ಅಪಾಯ. ಆಮೇಲೆ ಬಾಳೆಲ್ಲ ಒಂದೇ ಕಿಡ್ನಿಯಲ್ಲಿ ಸಾಗಬೇಕಾದವನು ಅವನು. ಹನ್ನೆರಡು ಕೆಜಿ ಇಳಿಸಿ ಬಂದರೆ ಮುಂದಿನ ಮಾತು ಎಂದರು.

ಬನ್ನಣ್ಣ ಅವತ್ತೇ ಬೀದಿಯ ಮಧ್ಯೆ ನಿಂತು ಹೇಳಿದ: ಇನ್ನು ಕೇಕ್ ಇಲ್ಲ, ಬನ್ನಿಲ್ಲ, ಬಿಸ್ಕತ್ತಿಲ್ಲ, ಟೀಗೆ ಸಕ್ಕರೆಯೂ ಇಲ್ಲ. ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರೆ ಸಾಲದೇ ಎಂದು ಅತ್ತಿಗೆ ಕೇಳಿದ್ದಕ್ಕೆ ಸಿಟ್ಟೇ ಬಂತು. ಬಿಟ್ಟರೆ ಪೂರ್ತಿ ಬಿಡಬೇಕು, ಅರ್ಧಂಬರ್ಧ ಬಿಡುವುದು ಗಟ್ಟಿ ಮನಸ್ಸಿಲ್ಲದವರ ಕೆಲಸ ಎಂದ. ನಾವೆಲ್ಲ ಭೇಷ್ ಅಂದೆವು. ನಾನೂ ಅಂದೆ.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಅವನ ಪ್ಯಾಂಟನ್ನು ನಾನೇ ಒಂದು ಬೆರಳಷ್ಟು ಬಿಗಿ ಮಾಡಿಕೊಟ್ಟೆ. ಆಮೇಲೆ ತೂಕ ನಿಂತುಬಿಟ್ಟಿತು. ಜಪ್ಪಯ್ಯ ಅಂದರೂ ಕೆಳಗಿಳಿಯಲಿಲ್ಲ. ಅವನು ಹಲ್ಲು ಕಚ್ಚಿ ಮಧ್ಯಾಹ್ನದ ಊಟವನ್ನೂ ಬಿಟ್ಟ. ಕೋಪ ಮೂಗಿನ ತುದಿಗೆ ಬಂತು. ಬ್ರೆಡ್ಡು ಮೆತ್ತಗಿದೆಯಾ ಎಂದು ಕೇಳಿದ ಗಿರಾಕಿಗೆ, ದಿಂಬು ಬೇಕಿದ್ದರೆ ಪಕ್ಕದ ಅಂಗಡಿಗೆ ಹೋಗಿ ಎಂದು ರೇಗಿದ. ಒಂದು ಸಂಜೆ ಯಾರೋ ಹೇಳಿ ಮಾಡಿಸಿ ಒಯ್ಯದೆ ಬಿಟ್ಟ ಹುಟ್ಟುಹಬ್ಬದ ಕೇಕು ಕಪಾಟಿನಲ್ಲಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡ. ಹಾಕಿಕೊಂಡಿದ್ದೇ ತಡ, ಹೇಗೂ ಪಥ್ಯ ಕೆಟ್ಟಿತಲ್ಲ, ಇನ್ನು ಉಳಿಸಿ ಏನು ಮಾಡುವುದು ಅನ್ನಿಸಿತಂತೆ. ಅತ್ತಿಗೆ ಒಳಗೆ ಹೋಗಿ ನೋಡುವಾಗ ಮೇಲೆ ಬರೆದ ಮಗುವಿನ ಹೆಸರಿನ ಕೊನೆಯ ಅಕ್ಷರವಷ್ಟೇ ಉಳಿದಿತ್ತು.

ಮಾರನೆಯ ದಿನ ಅವನು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದ. ಅದೇ ಹೊತ್ತಿಗೆ ನರ್ಸಮ್ಮ ತನ್ನ ಯೂನಿಫಾರ್ಮ್ ಒಯ್ಯಲು ಬಂದಳು. ಅವಳ ಮನೆ ನಮ್ಮ ಹಿಂದಿನ ಬೀದಿಯಲ್ಲಿ, ಕೆಲಸ ಬನ್ನಣ್ಣನ ತಂಗಿ ಹೋಗುವ ಮೆಷಿನ್ ವಾರ್ಡಿನಲ್ಲಿ.

"ನನ್ನ ಕೈಲಿ ಆಗಲ್ಲ ಅಂತ ಡಾಕ್ಟರಿಗೆ ಹೇಳ್ಬಿಡಿ ನರ್ಸಮ್ಮ," ಎಂದ ಬನ್ನಣ್ಣ. "ನನ್ನ ಮೈಯೇ ಹಿಂಗೆ. ಬೇರೆ ಯಾರನ್ನಾದ್ರೂ ನೋಡ್ಲಿ."

"ಬೇರೆ ಯಾರಿದ್ದಾರೆ ಅಣ್ಣ?"

ಯಾರೂ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು.

ನರ್ಸಮ್ಮ ಯೂನಿಫಾರ್ಮು ಪಕ್ಕಕ್ಕಿಟ್ಟು ಕೂತಳು. ದಿನವೂ ಏನೇನು ತಿನ್ನುತ್ತೀರಿ ಎಂದು ಕೇಳಿದಳು. ಬೆಳಿಗ್ಗೆ ಸಪ್ಪೆ ಟೀ, ಮಧ್ಯಾಹ್ನ ಏನೂ ಇಲ್ಲ, ರಾತ್ರಿ ತರಕಾರಿ ಮತ್ತು ಎರಡು ತುಂಡು ಬ್ರೆಡ್ಡು ಎಂದು ಅವನು ಹೇಳಿದ. ನಿನ್ನೆಯ ಕೇಕು ಬಿಟ್ಟರೆ ಸಿಹಿ ಮುಟ್ಟಿಲ್ಲವೆಂದ. ಅವನು ಸುಳ್ಳು ಹೇಳುವವನಲ್ಲ. ನರ್ಸಮ್ಮನಿಗೂ ಹಾಗೆ ಅನ್ನಿಸಿರಬೇಕು. ಆದರೆ ತೂಕ ನಿಂತದ್ದು ನಿನ್ನೆಯ ಕೇಕಿಗಿಂತ ಮೊದಲೇ ಅಲ್ಲವೇ ಎಂದು ಕೇಳಿದಳು. ಆಮೇಲೆ ಅತ್ತಿಗೆಯನ್ನು ಕರೆಸಿ ಒಂದು ಉಪಾಯ ಹೇಳಿದಳು. ನಾಳೆ ಗಲ್ಲಾದ ಹತ್ತಿರ ಒಂದು ಖಾಲಿ ಗಾಜಿನ ಡಬ್ಬಿ ಇಡಬೇಕು. ಬನ್ನಣ್ಣ ಊಟದ ತಟ್ಟೆಯಲ್ಲಲ್ಲದೆ ಏನು ಬಾಯಿಗೆ ಹಾಕಿಕೊಂಡರೂ ಸರಿ, ಅಷ್ಟನ್ನೇ ಇನ್ನೊಂದು ಪಾಲು ತೆಗೆದು ಆ ಡಬ್ಬಿಗೆ ಹಾಕಬೇಕು. ಬಾಯಿಗೊಂದು, ಡಬ್ಬಿಗೊಂದು.

"ಇಟ್ಕೊಳ್ಳಿ," ಎಂದ ಬನ್ನಣ್ಣ. "ಸಂಜೆ ಡಬ್ಬಿ ತೊಳೆಯೋ ಕೆಲಸಾನೂ ಇರಲ್ಲ."

ಇಲ್ಲಿ ಆ ಬೇಕರಿಯ ಒಂದು ಪದ್ಧತಿ ಹೇಳಬೇಕು. ಕೇಕನ್ನು ಟ್ರೇಯಿಂದ ತೆಗೆದ ಮೇಲೆ ನಾಲ್ಕೂ ಕಡೆಯ ಅಂಚು ಕತ್ತರಿಸುತ್ತಾರೆ, ನನ್ನ ಬಟ್ಟೆಯ ಅಂಚಿನ ಹಾಗೇ. ಆ ಅಂಚು ಮಾರಾಟಕ್ಕಲ್ಲ. ಮೇಜಿನ ತುದಿಯಲ್ಲಿ ಒಂದು ತಗಡಿನ ಡಬ್ಬಿಗೆ ಬೀಳುತ್ತದೆ. ಕೆಲಸದವರು ಯಾರು ಬೇಕಾದರೂ ಬಾಯಾಡಿಸಬಹುದು. ಬನ್ನಣ್ಣನ ಅಪ್ಪನ ಕಾಲದಿಂದ ಹೀಗೇ ಇದೆ. ಆ ಅಪ್ಪ ದಿನವೂ ಸಂಜೆ ಅಂಚಿನ ಪೊಟ್ಟಣ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ಅಣ್ಣ ತಂಗಿ ಮೆಟ್ಟಿಲ ಮೇಲೆ ಕಾದು ಕೂತಿರುತ್ತಿದ್ದರು. ಅಂಚನ್ನು ಎಸೆಯಲು ಆ ಮನೆಯಲ್ಲಿ ಯಾರಿಗೂ ಕೈ ಬರಲೇ ಇಲ್ಲ. ಜೊತೆಗೆ ಅಪ್ಪ ಇನ್ನೊಂದನ್ನೂ ಕಲಿಸಿದ್ದರು: ರುಚಿ ನೋಡದ್ದನ್ನು ಮಾರಬಾರದು. ಹಾಗಾಗಿ ಒಲೆಯಿಂದ ಬಂದ ಪ್ರತಿ ಟ್ರೇಯಿಂದಲೂ ಒಂದು ಮುರಿದು ಬಾಯಿಗೆ ಹಾಕಿಕೊಳ್ಳುವುದು ರೂಢಿ. ಇವೆರಡನ್ನೂ ಆ ಮನೆಯಲ್ಲಿ ತಿನ್ನುವುದು ಎಂದು ಯಾರೂ ಕರೆದದ್ದಿಲ್ಲ. ತಟ್ಟೆಯಲ್ಲಿ ಹಾಕಿಕೊಂಡು ಕೂತರೆ ತಿಂದಂತೆ. ನಿಂತಲ್ಲಿ ಬಾಯಿಗೆ ಹೋದದ್ದು ಕೆಲಸ.

ಮಾರನೆಯ ದಿನ ಅತ್ತಿಗೆ ಗಲ್ಲಾ ಬಿಟ್ಟು, ಗಾಜಿನ ಡಬ್ಬಿ ಸಮೇತ ಒಲೆಯ ಕೋಣೆಯಲ್ಲೇ ಕೂತಳು. ಬನ್ನಣ್ಣ ಒಂದು ಬನ್ನು ಮುರಿದು ರುಚಿ ನೋಡಿದ, ಅಷ್ಟೇ ಚೂರು ಗಾಜಿನ ಡಬ್ಬಿಗೆ ಬಿತ್ತು. ಕೇಕ್ ಕತ್ತರಿಸುತ್ತಾ ಒಂದು ಅಂಚು, ಬೆಣ್ಣೆ ಬಿಸ್ಕತ್ತು ಜೋಡಿಸುತ್ತಾ ಮುರಿದದ್ದೊಂದು, ಚಾಕು ಒರೆಸುವ ಮೊದಲು ಅದರ ಮೇಲಿನ ಕ್ರೀಮು. ನಾನು ಗುಂಡಿ ಹಚ್ಚುವ ನೆಪದಲ್ಲಿ ಬೇಕರಿಯ ಬಾಗಿಲಲ್ಲೇ ಕೂತು ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಊಟ ಬಿಟ್ಟ ಹೊಟ್ಟೆ ಕೈಯನ್ನು ಪದೇ ಪದೇ ತಗಡಿನ ಡಬ್ಬಿಗೆ ಕಳಿಸತೊಡಗಿತು. ಅವನಿಗೆ ಅದರ ಅರಿವೇ ಇಲ್ಲ. ಗಿರಾಕಿಯ ಜೊತೆ ಮಾತಾಡುತ್ತಿದ್ದಾನೆ, ಕೈ ತನ್ನ ಪಾಡಿಗೆ ತಾನು ಹೋಗಿ ಬರುತ್ತಿದೆ.

ಸಂಜೆ ಗಾಜಿನ ಡಬ್ಬಿಯ ಮುಚ್ಚಳ ಹಾಕಲು ಆಗಲಿಲ್ಲ.

ಬನ್ನಣ್ಣ ಮೊದಲು ಹೆಂಡತಿಯ ಮೇಲೆ ಅನುಮಾನಪಟ್ಟ. ನೀನೇ ಜಾಸ್ತಿ ತುಂಬಿದ್ದೀಯ ಎಂದ. ಅತ್ತಿಗೆ ನನ್ನ ಕಡೆ ನೋಡಿದಳು. ಸಾಕ್ಷಿ ಹೇಳಿದೆ. ಅವನು ಡಬ್ಬಿಯನ್ನು ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟ. ಹೊತ್ತು ಮುಳುಗುವವರೆಗೆ ಯಾರ ಮೇಲೂ ರೇಗಲಿಲ್ಲ.

ಡ್ಯೂಟಿ ಮುಗಿಸಿ ಬಂದ ನರ್ಸಮ್ಮ ಡಬ್ಬಿ ನೋಡಿ ನಗಲಿಲ್ಲ. ಅವಳ ಮೇಲೆ ನನಗೆ ಗೌರವ ಬಂದದ್ದು ಆವಾಗಲೇ. ನೀವು ಮೋಸ ಮಾಡಿಲ್ಲ ಅಣ್ಣ, ನಿಂತು ತಿಂದದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೇ ಎಂದಳು. ಪೂರ್ತಿ ಬಿಡುತ್ತೇನೆ ಎಂದು ಪಟ್ಟು ಹಿಡಿದರೆ ಮನಸ್ಸೆಲ್ಲ ಅದರ ಮೇಲೇ ಇರುತ್ತದೆ, ಒಮ್ಮೆ ತಪ್ಪಿದರೆ ಎಲ್ಲ ಮುಗಿಯಿತು ಎಂದು ಮನುಷ್ಯ ಕೈ ಚೆಲ್ಲುತ್ತಾನೆ, ಬಹಳ ಜನರಿಗೆ ಹೀಗಾಗುತ್ತದೆ ಎಂದು ತಿಳಿಸಿದಳು.

"ಹಂಗಾದ್ರೆ ಬಿಡ್ಬೇಕೋ, ತಿನ್ಬೇಕೋ? ಒಂದು ಹೇಳಿ," ಎಂದಳು ಅತ್ತಿಗೆ.

"ಎಲ್ಲ ತಿಂಡಿಗೂ ಒಂದೇ ಉತ್ತರ ಇಲ್ಲ ಅಕ್ಕ. ಒಂದು ತುಂಡು ತಿಂದು ಎದ್ದೇಳೋಕೆ ಆಗುತ್ತಾ? ಅದನ್ನ ಬಿಡೋದು ಬೇಡ, ಅಳತೆ ಮಾಡಿ ತಿನ್ನಲಿ. ಶುರು ಮಾಡಿದ್ರೆ ನಿಲ್ಸೋಕೇ ಆಗಲ್ವಾ? ಅದನ್ನ ಸದ್ಯಕ್ಕೆ ಕೈಗೆ ಸಿಗದ ಹಾಗೆ ಇಡಿ."

ಬನ್ನಣ್ಣ ಯೋಚಿಸಿದ. ಕೂತು ತಿಂದರೆ ಕೇಕು ಒಂದು ತುಂಡಿಗೆ ಸಾಕಾಗುತ್ತದೆ ಎಂದ. ಬೆಣ್ಣೆ ಬಿಸ್ಕತ್ತು ಮಾತ್ರ ತನ್ನ ಮಾತು ಕೇಳುವುದಿಲ್ಲ ಎಂದು ಒಪ್ಪಿಕೊಂಡ. ಸರಿ, ಬಿಸ್ಕತ್ತಿನ ಕೆಲಸ ಒಲೆಯ ಕೆಲಸಕ್ಕಿದ್ದ ಹುಡುಗಿಯ ಪಾಲಿಗೆ ಹೋಯಿತು. ಕೇಕು ವಾರಕ್ಕೆ ಎರಡು ಸಲ, ಒಂದೊಂದು ತುಂಡು, ಊಟ ಆದ ಮೇಲೆ, ತಟ್ಟೆಯಲ್ಲಿ ಹಾಕಿಕೊಂಡು ಕೂತು. ಮಧ್ಯಾಹ್ನ ತರಕಾರಿ, ಕಾಳು ಇರುವ ಊಟ ತಪ್ಪಿಸುವ ಹಾಗಿಲ್ಲ. ಸಂಜೆ ನಡಿಗೆ. ರುಚಿ ನೋಡುವುದು ಅತ್ತಿಗೆಯ ಜವಾಬ್ದಾರಿ, ಅದೂ ಚಮಚದ ತುದಿಯಷ್ಟು. ಅಂಚು ಬಿದ್ದ ಕೂಡಲೇ ಪೊಟ್ಟಣ ಕಟ್ಟಿ, ಬ್ರೆಡ್ಡು ಕೊಂಡವರಿಗೆ ಕೊಸರಾಗಿ ಪುಕ್ಕಟೆ ಕೊಡುವುದು.

ಈ ಕೊನೆಯದಕ್ಕೆ ಮಾತ್ರ ಬನ್ನಣ್ಣನ ಮನಸ್ಸು ಒಪ್ಪಲಿಲ್ಲ. ತಗಡಿನ ಡಬ್ಬಿಯನ್ನು ಎದೆಗವಚಿಕೊಂಡು ನಿಂತ. ಅಪ್ಪನ ಕಾಲದ್ದು ಎಂದ. ಆ ಹೊತ್ತಿಗೆ ಆಸ್ಪತ್ರೆಯಿಂದ ಬಂದ ತಂಗಿ ಬಾಗಿಲ ಚೌಕಟ್ಟು ಹಿಡಿದು ಇದನ್ನೆಲ್ಲ ಕೇಳುತ್ತಿದ್ದಳು.

"ಅಣ್ಣ, ಆ ಅಂಚು ತಿಂದು ನಾವು ಬೆಳೆದಿದ್ದಾಯ್ತು," ಎಂದಳು. "ಈಗ ನಂಗೆ ನಿನ್ನಿಂದ ಬೇಕಾಗಿರೋದು ಬೇರೆ."

ಅವನು ಡಬ್ಬಿಯನ್ನು ಅತ್ತಿಗೆಯ ಕೈಗೆ ಕೊಟ್ಟ.

ಆಮೇಲೆ ತೂಕ ಸರಸರ ಇಳಿದುಬಿಟ್ಟಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಿಧಾನಕ್ಕೆ ಇಳಿಯಿತು. ಕೆಲವು ವಾರ ಅಲ್ಲಾಡಲೇ ಇಲ್ಲ. ಒಂದು ಮದುವೆಗೆ ಹೋದವನು ಮೂರು ತುಂಡು ಕೇಕು ತಿಂದು, ಮುಖ ಇಳಿಬಿಟ್ಟುಕೊಂಡು ಬಂದ. ಎಲ್ಲ ಹಾಳಾಯಿತೇ ಎಂದು ನರ್ಸಮ್ಮನನ್ನು ಕೇಳಿದ. ಒಂದು ಹೊತ್ತು ಜಾಸ್ತಿ ಆಯಿತು, ಮುಂದಿನ ಹೊತ್ತು ಎಂದಿನಂತೆ ಊಟ ಮಾಡಿ, ಉಪವಾಸ ಬೀಳಬೇಡಿ ಎಂದಳು. ಹಾಗೇ ಮಾಡಿದ. ಮೊದಲಾಗಿದ್ದರೆ ಆ ಮೂರು ತುಂಡಿನ ಹಿಂದೆ ಇಡೀ ಕಪಾಟು ಖಾಲಿಯಾಗುತ್ತಿತ್ತು. ಗಿರಾಕಿಗಳ ಮೇಲೆ ರೇಗುವುದೂ ನಿಂತಿತು. ಅವನ ಪ್ಯಾಂಟುಗಳನ್ನು ನಾನು ಬಿಗಿ ಮಾಡಿದೆ, ಮತ್ತೆ ಬಿಗಿ ಮಾಡಿದೆ. ಕೊನೆಗೆ, ಇದನ್ನು ಇನ್ನು ಮುಟ್ಟಿದರೆ ಎರಡು ಜೇಬೂ ಒಂದಾಗುತ್ತವೆ, ಹೊಸದು ಹೊಲಿಸಿಕೋ ಎಂದೆ. ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ತೂಕ ನೋಡಿ, ಪರೀಕ್ಷೆಗಳನ್ನೆಲ್ಲ ಮತ್ತೊಮ್ಮೆ ಮಾಡಿಸಿ, ಆಪರೇಷನ್ನಿಗೆ ದಿನ ಗೊತ್ತು ಮಾಡಿದರು.

ಅಣ್ಣ ತಂಗಿ ಇಬ್ಬರೂ ಚೆನ್ನಾಗಿದ್ದಾರೆ. ತಂಗಿ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಡಾಕ್ಟರ ಒಪ್ಪಿಗೆ ಸಿಕ್ಕ ಮೇಲೆ ಒಂದು ಸಂಜೆ ಬೇಕರಿಗೆ ಬಂದು ಕೇಕು ಕೇಳಿದಳು. ಬನ್ನಣ್ಣ ಎರಡು ಕುರ್ಚಿ ಹಾಕಿದ. ಅವಳು ಬರುತ್ತಾಳೆಂದು ಅವತ್ತು ಕೇಕಿನ ಒಂದು ಮೂಲೆಯ ಅಂಚನ್ನು ಕತ್ತರಿಸದೆ ಬಿಟ್ಟಿದ್ದ. ಆ ಮೂಲೆಯಿಂದ ಒಂದು ತುಂಡು, ಅಂಚು ಸಮೇತ, ತಟ್ಟೆಯಲ್ಲಿಟ್ಟು ಎರಡು ಪಾಲು ಮಾಡಿದ. ಇಬ್ಬರೂ ಕೂತು, ಮಾತಾಡುತ್ತಾ, ನಿಧಾನಕ್ಕೆ ತಿಂದರು. ತಿಂದಾದ ಮೇಲೆ ಅವನೇ ಎದ್ದು ತಟ್ಟೆ ತೊಳೆದಿಟ್ಟ. ನನಗೆ ಆ ಹೊತ್ತು ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ತೂಕ ಇಳಿಸಬೇಕು ಎಂದಿದ್ದರೆ ನಾಳೆಯೇ ಶಪಥ ಮಾಡಬೇಡಿ. ನಾಳೆ ಅಡುಗೆಮನೆಯಲ್ಲಿ ಒಂದು ಖಾಲಿ ಡಬ್ಬಿ ಇಡಿ. ಮಗು ಬಿಟ್ಟ ಬಿಸ್ಕತ್ತು, ಅಂಗಡಿಯಲ್ಲಿ ರುಚಿಗೆ ಕೊಟ್ಟದ್ದು, ಪಾತ್ರೆ ತೊಳೆಯುವ ಮೊದಲು ಬಳಿದು ತಿಂದದ್ದು, ಎಲ್ಲದರ ಜೋಡಿಯೂ ಅದಕ್ಕೆ ಬೀಳಲಿ. ಸಂಜೆ ನೋಡಿ. ಆಮೇಲೆ ನಿಮಗೆ ತುಂಬಾ ಇಷ್ಟವಾದದ್ದನ್ನು ಉಳಿಸಿಕೊಂಡು, ಅಳತೆಯಲ್ಲಿ, ಕೂತು ತಿನ್ನಿ. ನಿಮ್ಮ ಮಾತು ಕೇಳದ ತಿಂಡಿಯನ್ನು ಸದ್ಯಕ್ಕೆ ಮನೆಗೆ ತರಬೇಡಿ. ಸಕ್ಕರೆ ಕಾಯಿಲೆಯೋ ಬೇರೆ ತೊಂದರೆಯೋ ಇದ್ದರೆ ಮೊದಲು ನಿಮ್ಮ ಆರೋಗ್ಯ ಕೇಂದ್ರದಲ್ಲಿ ಕೇಳಿ. ಒಂದು ದಿನ ತಪ್ಪಿದರೆ ಮರುಹೊತ್ತು ಎಂದಿನಂತೆ ಊಟಕ್ಕೆ ಕೂತುಬಿಡಿ, ಸಾಕು. ಬಟ್ಟೆ ಬಿಗಿ ಮಾಡಿಸುವುದಿದ್ದರೆ ನಾನು ಇಲ್ಲೇ, ಬೇಕರಿಯ ಎದುರಿಗೇ ಇದ್ದೇನೆ.